ಎಣ್ಣೆಕೋಣೆಯ ಬಾಗಿಲಲ್ಲಿ ಏಳು ಸಾಲು

ಪಠ್ಯ ಚಿಕ್ಕದು. ಎ4 ಹಾಳೆಯ ಮೇಲೆ ಏಳೇ ಸಾಲು. ಎಣ್ಣೆಗೈ ತಾಗೀತೆಂದು ಲ್ಯಾಮಿನೇಟ್ ಮಾಡಿಸಿ ಪಂಚಕರ್ಮ ವಿಭಾಗದ ಬಾಗಿಲಿಗೆ ಅಂಟಿಸಿದ್ದಾರೆ. ಬೆಂಗಳೂರಿನ ಒಂದು ಆಯುರ್ವೇದ ಚಿಕಿತ್ಸಾಲಯ; ಹೆಸರು ಬೇಡ. ಕರ್ತೃ ಯಾರೆಂದು ಹಾಳೆಯಲ್ಲಿ ಇಲ್ಲ. ಓದುತ್ತ ಹೋದರೆ ಇದು ಒಬ್ಬರ ಬರಹವಲ್ಲ ಎಂಬ ಅನುಮಾನ ಬರುತ್ತದೆ. ಮೊದಲ ಸಾಲುಗಳಲ್ಲಿ ದ್ರೋಣಿಯ (ಎಣ್ಣೆ ಚಿಕಿತ್ಸೆಗೆ ಮಲಗಿಸುವ ಮೇಜಿನ) ಪಕ್ಕ ನಿಂತು ದುಡಿದವರ ಅನುಭವವಿದೆ, ಕೊನೆಯದರಲ್ಲಿ ಲೆಕ್ಕ ಬರೆಯುವವರ ಎಚ್ಚರಿಕೆ. ಇಷ್ಟು ಸರಳ ಹಾಳೆಗೂ ವ್ಯಾಖ್ಯಾನ ಬೇಕೇ ಎಂದು ಕೇಳಬಹುದು. ನಿಯಮ ಎಲ್ಲರಿಗೂ ಗೊತ್ತು, ಕಾರಣ ಗೊತ್ತಿಲ್ಲ. ಕಾರಣ ಗೊತ್ತಿಲ್ಲದ ನಿಯಮವನ್ನು “ಒಂದೇ ನಿಮಿಷ” ಎಂದು ಮುರಿಯುವುದು ನಮಗೆಲ್ಲ ರೂಢಿ.

1. “ಒಳಗೆ ಬರುವ ಮುನ್ನ ಮೊಬೈಲ್ ಸ್ವಿಚ್ ಆಫ್ ಮಾಡಿ. ಸೈಲೆಂಟ್ ಸಾಲದು.”

ಈ ಸಾಲಿನ ಜೀವ ಇರುವುದು ಎರಡನೇ ವಾಕ್ಯದಲ್ಲಿ. ಸೈಲೆಂಟ್ ಎಂದು ನಾವು ಹೇಳುವುದು ಬಹುಪಾಲು ವೈಬ್ರೇಷನ್ನಿಗೆ. ಮರದ ಸ್ಟೂಲಿನ ಮೇಲೆ ಇಟ್ಟ ಫೋನು ಗುರ್ರೆಂದರೆ, ಫ್ಯಾನನ್ನೂ ನಿಲ್ಲಿಸಿದ ಆ ಕೋಣೆಯಲ್ಲಿ ಅದು ರಿಂಗ್‌ಟೋನಿಗಿಂತ ಜೋರು. ಕಣ್ಣಿನ ಮೇಲೆ ಹತ್ತಿ ಇಟ್ಟು ಮಲಗಿಸಿದ ಮನುಷ್ಯನಿಗೆ ಯಾರ ಕರೆ ಎಂದು ನೋಡಲು ಆಗುವುದಿಲ್ಲ, ಊಹೆ ಮಾತ್ರ ಸಾಧ್ಯ. ಮ್ಯಾನೇಜರೇ, ಮಗಳ ಶಾಲೆಯೇ, ಅಥವಾ ಸಾಲ ಬೇಕೇ ಎಂದು ಕೇಳುವ 140ರಿಂದ ಶುರುವಾಗುವ ನಂಬರೇ? ಕರೆ ನಿಂತ ಮೇಲೂ ಊಹೆ ನಿಲ್ಲುವುದಿಲ್ಲ.

ಆದರೆ ಸ್ವಿಚ್ ಆಫ್ ಆದರೂ ಸಾಕೇ? ಟೆಕ್ಸಾಸ್ ವಿಶ್ವವಿದ್ಯಾಲಯದ ಆಸ್ಟಿನ್ ಕೇಂದ್ರದವರು ಸುಮಾರು 800 ಜನರ ಮೇಲೆ ನಡೆಸಿದ ಪ್ರಯೋಗವೊಂದು 2017ರಲ್ಲಿ ಪ್ರಕಟವಾಯಿತು. ಫೋನನ್ನು ಬೇರೆ ಕೋಣೆಯಲ್ಲಿ ಬಿಟ್ಟವರು, ಮೇಜಿನ ಮೇಲೆ ಇಟ್ಟುಕೊಂಡವರಿಗಿಂತ ಗಮನದ ಪರೀಕ್ಷೆಗಳನ್ನು ಚೆನ್ನಾಗಿ ಮಾಡಿದರು. ಮೇಜಿನ ಮೇಲಿದ್ದ ಫೋನು ಆಫ್ ಆಗಿದ್ದರೂ ಫಲಿತಾಂಶ ಬದಲಾಗಲಿಲ್ಲ. ಆಮೇಲೆ ಅದೇ ಪ್ರಯೋಗವನ್ನು ಮತ್ತೆ ಮಾಡಿ ನೋಡಿದವರೆಲ್ಲರಿಗೂ ಅದೇ ಉತ್ತರ ಸಿಕ್ಕಿಲ್ಲ ಎಂಬುದನ್ನೂ ಹೇಳಬೇಕು. ಆದರೂ ಹಾಳೆಯ ಕರ್ತೃ ಇಲ್ಲಿ ಒಂದು ಹೆಜ್ಜೆ ಹಿಂದೆ ಉಳಿದರು ಎಂದೇ ನನ್ನ ಅಭಿಪ್ರಾಯ. “ಹೊರಗೆ ಬಿಟ್ಟು ಬನ್ನಿ” ಎಂದು ಬರೆಯಬೇಕಿತ್ತು.

ಇಲ್ಲಿ ‘ಮೊಬೈಲ್’ ಎಂಬುದನ್ನು ಉಪಲಕ್ಷಣವಾಗಿ ತೆಗೆದುಕೊಳ್ಳತಕ್ಕದ್ದು. ಸ್ಮಾರ್ಟ್ ವಾಚು, ಇಯರ್‌ಬಡ್ ಎರಡೂ ಅದರಲ್ಲಿ ಸೇರಿದವು. ವಾಗ್ಭಟನು ಅಷ್ಟಾಂಗಹೃದಯದ ದಿನಚರ್ಯೆಯ ಅಧ್ಯಾಯದಲ್ಲಿ ತಲೆ, ಕಿವಿ, ಪಾದಗಳಿಗೆ ವಿಶೇಷವಾಗಿ ಎಣ್ಣೆ ಹಚ್ಚಬೇಕು ಎನ್ನುತ್ತಾನೆ. ಇಯರ್‌ಬಡ್ ಹಾಕಿಕೊಂಡು ಮಲಗಿದರೆ ಮೂರರಲ್ಲಿ ಒಂದು ಅಲ್ಲೇ ತಪ್ಪಿತು.

2. “ಚಿಕಿತ್ಸೆ ನಡೆಯುವಾಗ ಕರೆ ಸ್ವೀಕರಿಸಬೇಡಿ, ಮೆಸೇಜ್ ನೋಡಬೇಡಿ.”

ಹಾಳೆಯ ಮುಖ್ಯ ಸಾಲು ಇದು. ಇದನ್ನು ಜನ ‘ನಿಮ್ಮ ವಿಶ್ರಾಂತಿಗೆ ಭಂಗ ಬರುತ್ತದೆ’ ಎಂಬ ಅರ್ಥದಲ್ಲಿ ಓದುತ್ತಾರೆ. ಹಾಗೆ ಓದಿದರೆ, “ನನ್ನ ದುಡ್ಡು, ನನ್ನ ವಿಶ್ರಾಂತಿ, ಕೆಟ್ಟರೆ ನನಗೆ ಕೆಡುತ್ತದೆ” ಎಂದು ವಾದಿಸಲು ಜಾಗ ಸಿಗುತ್ತದೆ. ಆ ಅರ್ಥ ಅರ್ಧ ಮಾತ್ರ. ಉಳಿದರ್ಧ ಪಕ್ಕದಲ್ಲಿ ನಿಂತವರ ಕೈಗೆ ಸಂಬಂಧಿಸಿದ್ದು.

ಅಭ್ಯಂಗಕ್ಕೆ ಲೆಕ್ಕವಿದೆ. ಸುಶ್ರುತ ಸಂಹಿತೆಗೆ ವ್ಯಾಖ್ಯಾನ ಬರೆದ ಡಲ್ಹಣ ಆ ಲೆಕ್ಕವನ್ನು ಬಿಡಿಸಿ ಕೊಟ್ಟಿದ್ದಾನೆ. 300 ಮಾತ್ರೆಗಳಷ್ಟು ಹೊತ್ತಿಗೆ ಎಣ್ಣೆ ರೋಮದ ಬುಡಕ್ಕೆ, 400ಕ್ಕೆ ಚರ್ಮಕ್ಕೆ, 500ಕ್ಕೆ ರಕ್ತಕ್ಕೆ, ಹೀಗೆ ನೂರು ನೂರು ಏರುತ್ತ 900ಕ್ಕೆ ಮಜ್ಜೆಗೆ. ಮಾತ್ರೆ ಎಂದರೆ ಒಂದು ಹ್ರಸ್ವಾಕ್ಷರ ನುಡಿಯುವ ಹೊತ್ತು. 900 ಮಾತ್ರೆಗಳನ್ನು ಇವತ್ತಿನ ಪಂಚಕರ್ಮ ತರಗತಿಗಳಲ್ಲಿ ಹೆಚ್ಚುಕಡಿಮೆ ಐದು ನಿಮಿಷಕ್ಕೆ ಸಮ ಮಾಡಿ, ಒಂದು ಭಂಗಿಗೆ ಅಷ್ಟು ಎಂದು ಕಲಿಸುತ್ತಾರೆ. ಕುಳಿತು, ಅಂಗಾತ, ಮಗ್ಗುಲಾಗಿ, ಬೋರಲಾಗಿ ಎಂದು ಭಂಗಿಗಳು ಒಟ್ಟು ಏಳು. ಎಣ್ಣೆ ನಿಜಕ್ಕೂ ಮಜ್ಜೆಯವರೆಗೆ ಇಳಿಯುತ್ತದೆಯೇ ಎಂಬ ವಾದ ಬೇರೆ, ಅದನ್ನು ಇಲ್ಲಿ ಎತ್ತುವುದಿಲ್ಲ. ಎಣಿಸುತ್ತ ಕೆಲಸ ಮಾಡುವವರು ಒಬ್ಬರಿದ್ದಾರೆ ಎಂಬುದಷ್ಟೇ ನಮಗಿಲ್ಲಿ ಬೇಕಾದ ಸಂಗತಿ.

ಒಬ್ಬರಲ್ಲ, ಇಬ್ಬರು. ದ್ರೋಣಿಯ ಎಡಕ್ಕೊಬ್ಬರು, ಬಲಕ್ಕೊಬ್ಬರು. ನಾಲ್ಕು ಅಂಗೈ ಏಕಕಾಲಕ್ಕೆ ಹೆಗಲಿನಿಂದ ಇಳಿಯುತ್ತವೆ, ಮೊಣಕೈ ಗಂಟಿನ ಸುತ್ತ ತಿರುಗುತ್ತವೆ, ಮತ್ತೆ ಉದ್ದಕ್ಕೆ ಮಣಿಕಟ್ಟಿಗೆ ಹೋಗುತ್ತವೆ. ಎಡದವರ ವೇಗವೇ ಬಲದವರ ವೇಗ. ಪಳಗಿದ ಜೋಡಿ ಒಬ್ಬರ ಮುಖ ಒಬ್ಬರು ನೋಡುವುದೂ ಇಲ್ಲ. ಈಗ ಫೋನು ಬಂತು. ಮಲಗಿದವರು ಬಲಗೈ ಚಾಚಿ ಎತ್ತಿಕೊಂಡರು. ಬಲಗಡೆಯವರಿಗೆ ತಿಕ್ಕಲು ಕೈಯೇ ಇಲ್ಲ. ಎರಡೂ ಅಂಗೈ ಮೇಲೆ ಮಾಡಿಕೊಂಡು ನಿಲ್ಲುತ್ತಾರೆ, ಎಣ್ಣೆ ಮೊಣಕೈ ಕಡೆಗೆ ಇಳಿಯುತ್ತಿರುತ್ತದೆ. ಗೋಡೆಗೆ ಒರಗುವಂತಿಲ್ಲ, ಮುಖದ ಬೆವರು ಒರೆಸುವಂತಿಲ್ಲ. ಎಡಗಡೆಯವರು ಒಬ್ಬರೇ ಮುಂದೆ ಹೋದರೆ ಎರಡು ಪಕ್ಕ ಸರಿಹೊಂದುವುದಿಲ್ಲವೆಂದು ಅವರೂ ನಿಲ್ಲುತ್ತಾರೆ. ಬಿಸಿನೀರಿನ ಪಾತ್ರೆಯಲ್ಲಿಟ್ಟ ಎಣ್ಣೆ ಬಟ್ಟಲು ಆರುತ್ತದೆ. “ಆಯ್ತು ಆಯ್ತು, ಸಂಜೆ ಮಾತಾಡೋಣ” ಎಂಬಲ್ಲಿಂದ ಮುಂದೆ ಇನ್ನೂ ಎರಡು ನಿಮಿಷದ ಮಾತು ಉಳಿದಿರುತ್ತದೆ, ನಮ್ಮ ಕರೆಗಳು ಮುಗಿಯುವ ರೀತಿಯೇ ಅದು. ಫೋನು ಕೆಳಗಿಟ್ಟು “ಹ್ಞೂಂ, ಮಾಡಿ” ಎಂದರೆ, ಹೆಂಚಿನ ಮೇಲೆ ಅರ್ಧ ಎಳೆದು ಬಿಟ್ಟ ದೋಸೆಯನ್ನು ಮತ್ತೆ ಎಳೆಯಿರಿ ಎಂದ ಹಾಗೆ. ಅವರು ಹೆಗಲಿನಿಂದಲೇ ಶುರು ಮಾಡಬೇಕು. ಮುಂದಿನ ರೋಗಿಯ ಹೊತ್ತು ಮಾತ್ರ ಹಿಂದೆ ಸರಿಯುವುದಿಲ್ಲ, ಆದ್ದರಿಂದ ಕಡಿತವಾಗುವುದು ಅವರ ಊಟದ ಸಮಯ.

ಶಿರೋಧಾರೆಯಲ್ಲಿ ಇದು ಇನ್ನೂ ಸೂಕ್ಷ್ಮ. ಹಣೆಯಿಂದ ನಾಲ್ಕು ಅಂಗುಲ ಮೇಲಿನಿಂದ ಎಣ್ಣೆಯ ಧಾರೆ ಬೀಳುತ್ತಿರುತ್ತದೆ. ಪರದೆ ನೋಡಲೆಂದು ತಲೆ ಹೊರಳಿಸಿದರೆ ಅದು ಕಣ್ಣಿಗೋ ಕಿವಿಗೋ ಇಳಿಯುವುದು ಖಚಿತ.

ಇನ್ನೊಂದು ವಿಪರೀತವಿದೆ. ಇಂದು ಅಭ್ಯಂಗಕ್ಕೆ ಬರುವ ಎಷ್ಟೋ ಜನ ಕತ್ತುನೋವಿನವರು. ತಲೆ ನೇರವಿದ್ದಾಗ ಕತ್ತಿನ ಮೇಲೆ ಬೀಳುವ ಭಾರ ಐದು ಕಿಲೋ ಆಸುಪಾಸು. ಫೋನು ನೋಡಲು 60 ಡಿಗ್ರಿ ಬಗ್ಗಿಸಿದರೆ ಅದು ಸುಮಾರು 27 ಕಿಲೋಗೆ ಸಮ ಎಂದು ನ್ಯೂಯಾರ್ಕಿನ ಬೆನ್ನುಮೂಳೆ ಶಸ್ತ್ರವೈದ್ಯ ಕೆನೆತ್ ಹನ್ಸ್‌ರಾಜ್ 2014ರಲ್ಲಿ ಲೆಕ್ಕ ಹಾಕಿದರು. ಅದು ಮಾದರಿಯೊಂದರ ಅಂದಾಜು, ಜೀವಂತ ಕತ್ತಿನ ಅಳತೆಯಲ್ಲ, ಇರಲಿ. ಬೋರಲು ಮಲಗಿ, ಎರಡೂ ಮೊಣಕೈ ಊರಿ, ತಲೆ ಎತ್ತಿ ವಾಟ್ಸ್ಆ್ಯಪ್ ನೋಡುವವರ ಹೆಗಲ ಸ್ನಾಯು ಕಲ್ಲಾಗಿರುತ್ತದೆ. ಅದನ್ನೇ ಸಡಿಲಿಸಲು ಹಿಂದಿನಿಂದ ಇಬ್ಬರು ಹೆಣಗುತ್ತಿರುತ್ತಾರೆ. “ಸಾರ್, ಸ್ವಲ್ಪ ಕೈ ಕೆಳಗಿಡ್ತೀರಾ?” ಎಂದು ಒಂದು ಸಲ ಕೇಳುತ್ತಾರೆ, ಎರಡನೇ ಸಲ ಕೇಳುವ ಧೈರ್ಯ ಕೆಲಸದಲ್ಲಿರುವವರಿಗೆ ಬರುವುದಿಲ್ಲ.

ದೀಪಾವಳಿಯ ಎಣ್ಣೆನೀರಿನ ದಿನ ಮಣೆಯ ಮೇಲೆ ಕೂತವರು ಯಾರು ಕೂಗಿದರೂ ಏಳುವಂತಿರಲಿಲ್ಲ. ಎಣ್ಣೆ ತಿಕ್ಕುವ ಅಜ್ಜಿಯ ಮಾತೇ ಅಲ್ಲಿ ಕೊನೆ. ಚಿಕಿತ್ಸಾಲಯದ ಥೆರಪಿಸ್ಟರಿಗೆ ಅಜ್ಜಿಯ ಅಧಿಕಾರವಿಲ್ಲ. ಆದ್ದರಿಂದಲೇ ಈ ಹಾಳೆ.

3. “ಹಬೆಪೆಟ್ಟಿಗೆಯ ಹತ್ತಿರ ಮೊಬೈಲ್ ಇಡಬೇಡಿ.”

ವಿವರಣೆ ಬೇಡದ ಸಾಲು. ಪೆಟ್ಟಿಗೆಯೊಳಗೆ ಕೂತವರ ತಲೆ ಮಾತ್ರ ಹೊರಗೆ, ಕೈ ಒಳಗೆ. ಫೋನು ಅಲ್ಲಿದ್ದು ಮಾಡುವುದೇನು? ಎಣ್ಣೆಬೆರಳಿಗೆ ಲಾಕ್ ತೆಗೆಯದ ಫೋನನ್ನು ಒರೆಸಿಕೊಡಿ ಎಂದು ಥೆರಪಿಸ್ಟರ ಕೈಗೆ ಕೊಡುವವರೂ ಇದ್ದಾರೆ. ಅವರ ಕೈಯೂ ಎಣ್ಣೆಯದೇ.

4. “ಫೋಟೊ, ವಿಡಿಯೊ, ಸೆಲ್ಫಿ ಕಡ್ಡಾಯವಾಗಿ ನಿಷೇಧ.”

ಹಿಂದಿನವು ಶಿಷ್ಟಾಚಾರ, ಇದು ಕಾನೂನು. ಎರಡು ದ್ರೋಣಿಗಳ ನಡುವೆ ಬಹಳ ಕಡೆ ಇರುವುದು ಒಂದು ಪರದೆ. ಹಣೆಯ ಮೇಲೆ ಧಾರೆ ಬೀಳುವ ಚಿತ್ರ ಸ್ಟೇಟಸ್‌ಗೆ ಚೆಂದ ಕಾಣುತ್ತದೆ, ಸರಿ. ಅದರ ಅಂಚಿನಲ್ಲಿ ಪಕ್ಕದ ದ್ರೋಣಿಯವರ ಕಾಲು, ಹಿಂದೆ ಥೆರಪಿಸ್ಟರ ಮುಖ. ಇಬ್ಬರನ್ನೂ ಯಾರೂ ಕೇಳಿರುವುದಿಲ್ಲ. ಸಮ್ಮತಿಯಿಲ್ಲದೆ ವ್ಯಕ್ತಿಯೊಬ್ಬರ ಖಾಸಗಿ ಅಂಗದ ಚಿತ್ರ ತೆಗೆಯುವುದು, ಹಂಚುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮಿನಡಿ ಅಪರಾಧ: ಮೂರು ವರ್ಷದವರೆಗೆ ಜೈಲು, ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಹೆಣ್ಣುಮಕ್ಕಳನ್ನು ಖಾಸಗಿ ಸ್ಥಿತಿಯಲ್ಲಿ ಕದ್ದು ನೋಡುವುದಕ್ಕೆ, ಚಿತ್ರ ತೆಗೆಯುವುದಕ್ಕೆ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮು 2024ರ ಜುಲೈ 1ರಿಂದ ಜಾರಿಯಲ್ಲಿದೆ; ಮೊದಲು ಇದೇ ಅಪರಾಧ ಐಪಿಸಿಯ 354ಸಿ ಅಡಿ ಬರುತ್ತಿತ್ತು. ವಿಡಿಯೊ ಕಾಲ್ ಕೂಡ ವಿಡಿಯೊವೇ. ‘ಅಮ್ಮನಿಗೆ ತೋರಿಸ್ತಿದ್ದೆ’ ಎಂಬುದು ಸಮರ್ಥನೆಯಾಗದು.

5. “ತುರ್ತು ಕರೆ ಬರುವುದಿದ್ದರೆ ಕೌಂಟರಿನಲ್ಲಿ ಮೊದಲೇ ತಿಳಿಸಿ.”

ಮೊದಲ ಸಾಲಿಗೂ ಇದಕ್ಕೂ ವಿರೋಧ ಕಾಣುತ್ತದೆ. ಫೋನು ಆಫ್ ಆಗಿದ್ದರೆ ತುರ್ತು ಕರೆ ಬರುವುದು ಹೇಗೆ? ಸಮನ್ವಯ ಹೀಗೆ ಮಾಡಬಹುದು: ಫೋನನ್ನು ಆನ್ ಇಟ್ಟು ಕೌಂಟರಿನವರ ವಶಕ್ಕೆ ಕೊಡಿ, ಎತ್ತಬೇಕಾದ ಒಂದೇ ಒಂದು ಹೆಸರು ಹೇಳಿ. ಆ ಹೆಸರು ಬಂದರೆ ಬಾಗಿಲು ತಟ್ಟುತ್ತಾರೆ, ಬೇರೆ ಯಾವುದಕ್ಕೂ ಇಲ್ಲ. ಕೊಡಲು ಮನಸ್ಸಿಲ್ಲದವರಿಗೆ ಫೋನಿನಲ್ಲೇ ದಾರಿಯಿದೆ. ‘ಡು ನಾಟ್ ಡಿಸ್ಟರ್ಬ್’ ಹಾಕಿ, ಆಯ್ದ ನಂಬರಿಗೆ ಮಾತ್ರ ವಿನಾಯಿತಿ ಕೊಡಬಹುದು. ಒಬ್ಬರೇ ಮತ್ತೆ ಮತ್ತೆ ಕರೆದರೆ ಬಿಡುವ ಸೌಲಭ್ಯವೂ ಇದೆ: ಐಫೋನಿನಲ್ಲಿ ಮೂರು ನಿಮಿಷದೊಳಗೆ ಎರಡನೇ ಸಲ ಬಂದರೆ, ಆಂಡ್ರಾಯ್ಡ್‌ನಲ್ಲಿ 15 ನಿಮಿಷದೊಳಗೆ ಬಂದರೆ ರಿಂಗಾಗುತ್ತದೆ. ಮನೆಯಲ್ಲಿ ಹಾಸಿಗೆ ಹಿಡಿದ ತಂದೆ ಇರುವವರು, ತುಂಬು ಗರ್ಭಿಣಿ ಮಗಳಿರುವವರು ಸಂಕೋಚವಿಲ್ಲದೆ ಇದನ್ನು ಬಳಸಲಿ. ಅಂಥವರ ಕರೆಗೆ ಮುಖ ಸಿಂಡರಿಸುವ ಥೆರಪಿಸ್ಟರನ್ನು ನಾನು ಕಂಡಿಲ್ಲ.

ಆದರೆ ಆಫೀಸಿನ ಆನ್-ಕಾಲ್ ಪಾಳಿ ತುರ್ತು ಅಲ್ಲ, ಅದು ಮುಂಚೆಯೇ ಗೊತ್ತಿರುವ ಕೆಲಸ. ಅಂಥ ದಿನ ಅಪಾಯಿಂಟ್‌ಮೆಂಟೇ ಬೇಡ.

6. “ಥೆರಪಿಸ್ಟ್‌ಗಳ ಮೊಬೈಲ್ ನಂಬರ್ ಕೇಳಬೇಡಿ.”

ಮೇಲ್ನೋಟಕ್ಕೆ, ರೋಗಿಗಳು ಮನೆಗೇ ಕರೆಸಿಕೊಂಡರೆ ಚಿಕಿತ್ಸಾಲಯಕ್ಕೆ ನಷ್ಟ ಎಂಬ ವ್ಯಾಪಾರದ ಸಾಲು. ಅದೂ ಇದ್ದೀತು. ಆದರೆ ಈ ಕೆಲಸದಲ್ಲಿರುವ ಹೆಣ್ಣುಮಕ್ಕಳನ್ನು ಕೇಳಿ ನೋಡಿ. ಊರು ಬಿಟ್ಟು ಬಂದು ಹಾಸ್ಟೆಲಿನಲ್ಲಿರುವವರೇ ಹೆಚ್ಚು, ಕೇರಳದಿಂದ ಬಂದವರೂ ಅನೇಕ. ‘ನೋವು ಕಮ್ಮಿಯಾಯ್ತು’ ಎಂದು ಶುರುವಾದ ಮೆಸೇಜು ರಾತ್ರಿ ಹನ್ನೊಂದಕ್ಕೆ ‘ಊಟ ಆಯ್ತಾ’ ಎಂದು ಮುಂದುವರಿಯುತ್ತದೆ. ಬ್ಲಾಕ್ ಮಾಡಿದರೆ ಕೌಂಟರಿಗೆ ದೂರು, ಮಾಡದಿದ್ದರೆ ಕಾಟ. ಈ ಸಾಲು ಅವರಿಗೆ ‘ಕೊಡುವಂತಿಲ್ಲ, ರೂಲ್ಸು’ ಎಂದು ಹೇಳಲು ಒಂದು ನೆಪ ಒದಗಿಸುತ್ತದೆ. ಇಡೀ ಹಾಳೆಯಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಇದೇ.

ಆದರೆ ಥೆರಪಿಸ್ಟರ ಫೋನಿನ ಬಗ್ಗೆ ಹಾಳೆ ಇಷ್ಟಕ್ಕೇ ಸುಮ್ಮನಾಗುತ್ತದೆ. ಕೋಣೆಯಲ್ಲಿ ಟೈಮರೂ ಅವರ ಫೋನೇ, ವೀಣೆಯೂ ಅವರ ಫೋನೇ. ಚಂದಾ ಕಟ್ಟದ ಯೂಟ್ಯೂಬಿನಲ್ಲಿ ವೀಣೆ ಹಾಕಿ, ಧಾರೆ ಹಣೆಯ ನಡುವಿನಲ್ಲಿರುವಾಗ ಬಟ್ಟೆ ಸೋಪಿನ ಜಾಹೀರಾತು ಸಿಡಿದರೆ ತಪ್ಪು ಯಾರದು? ಒಂದು ಟೇಬಲ್ ಗಡಿಯಾರ, ಮೊದಲೇ ತುಂಬಿಸಿಟ್ಟ ಸಂಗೀತ, ಇಷ್ಟನ್ನು ಚಿಕಿತ್ಸಾಲಯವೇ ಒದಗಿಸಬೇಕು. ಆಮೇಲೆ ‘ಸಿಬ್ಬಂದಿಯೂ ಫೋನು ಹೊರಗಿಡತಕ್ಕದ್ದು’ ಎಂಬ ಸಾಲು ಸೇರಿಸಿದರೆ ನ್ಯಾಯ.

7. “ಮೊಬೈಲ್ ಮುಂತಾದ ಬೆಲೆಬಾಳುವ ವಸ್ತುಗಳಿಗೆ ಆಡಳಿತ ಮಂಡಳಿ ಜವಾಬ್ದಾರಿಯಲ್ಲ.”

ಈ ಸಾಲು ಮೇಲಿನ ಆರನ್ನೂ ಕೆಡಿಸುತ್ತದೆ. ಫೋನು ದೂರ ಇಡಿ ಎನ್ನುವವರೇ, ಕಳೆದರೆ ನಮ್ಮನ್ನು ಕೇಳಬೇಡಿ ಎಂದರೆ, ಮೂವತ್ತು ಸಾವಿರದ ವಸ್ತುವನ್ನು ಯಾರು ತಾನೇ ಬಟ್ಟೆಯ ಗಂಟಿನೊಳಗೆ ಬಿಟ್ಟು ಕಣ್ಣು ಮುಚ್ಚುತ್ತಾರೆ? ತಲೆದೆಸೆಯಲ್ಲಿ ಫೋನು ಬಂದು ಕೂರುವುದು ಅರ್ಧ ಚಟದಿಂದ, ಅರ್ಧ ಈ ಸಾಲಿನಿಂದ. ಚಿಕಿತ್ಸಾಲಯ ನಡೆಸುವವರಲ್ಲಿ ಒಂದೇ ಕೇಳಿಕೆ: ಏಳನೇ ಸಾಲನ್ನು ಅಳಿಸಿ, ಕೋಣೆಗೊಂದರಂತೆ ಬೀಗವಿರುವ ಚಿಕ್ಕ ಪೆಟ್ಟಿಗೆ ಇಡಿಸಿ, ಕೀಲಿಯನ್ನು ರೋಗಿಯ ಕೈಗೇ ಕೊಡಿ. ಹಾಗೆ ಮಾಡಿದ ಮೇಲೂ ಫೋನು ಹಿಡಿದು ಮಲಗುವವರನ್ನು ಎಬ್ಬಿಸಿ ಕಳಿಸುವ ಹಕ್ಕು ಥೆರಪಿಸ್ಟರಿಗೆ ಇರಲಿ.