ಬೂದಿ, ಬೆಳಕಿನ ಬಿಂಬ ಮತ್ತು ಪರಿಶುದ್ಧರ ಅನ್ಯೋನ್ಯತೆ: ವಾಕನ್ ಉತ್ಸವದ ಚರಿತ್ರೆಯನ್ನು ಕುರಿತು

ಹೆವಿ ಮೆಟಲ್ ಸಂಗೀತದ ವಿಷಯವಾಗಿ ನಮ್ಮ ಪ್ರಸಂಗಪೀಠಗಳಿಂದ ಕೇಳಿಬಂದಿರುವ ಮಾತುಗಳಲ್ಲಿ ಹೆಚ್ಚಿನವು ಎಚ್ಚರಿಕೆಯ ಮಾತುಗಳು. ತಲೆಬುರುಡೆ, ಕೊಂಬು, ತಲೆಕೆಳಗಾದ ಶಿಲುಬೆ, ಕಪ್ಪು ಅಂಗಿ ಇವುಗಳನ್ನು ಕಂಡು ಸೈತಾನನ ಕೈವಾಡವನ್ನು ಗುರುತಿಸುವುದು, ಯೌವನಸ್ಥರನ್ನು ಅದರಿಂದ ದೂರವಿಡುವಂತೆ ತಂದೆತಾಯಿಯರಿಗೆ ಬುದ್ಧಿಹೇಳುವುದು, ಅಷ್ಟಕ್ಕೆ ವಿಮರ್ಶೆ ಮುಗಿಯುತ್ತದೆ. ಇದಕ್ಕೆ ಪ್ರತಿಯಾಗಿ ಇನ್ನೊಂದು ಸುಲಭದ ಮಾತೂ ಇದೆ: ಇಂಥ ಉತ್ಸವಗಳೇ ಸಭೆಯನ್ನು ತೊರೆದವರ ಸಭೆ ಎಂಬುದು. ಎರಡೂ ನಮಗೆ ಒಪ್ಪಿಗೆಯಿಲ್ಲ. ಜರ್ಮನಿಯ ವಾಕನ್ ಎಂಬ ಹಳ್ಳಿಯಲ್ಲಿ ವರ್ಷಕ್ಕೊಮ್ಮೆ ನಡೆಯುವ ಮೆಟಲ್ ಮತ್ತು ಹಾರ್ಡ್ ರಾಕ್ ಉತ್ಸವದ ಚರಿತ್ರೆಯನ್ನು ನೋಡಿದರೆ, ದೈವಶಾಸ್ತ್ರವು ವಿಚಾರಿಸಬೇಕಾದ ಸಂಗತಿ ಕೊಂಬಿನಲ್ಲಿಲ್ಲ. ಆ ಉತ್ಸವವು ತನ್ನ ಸತ್ತವರನ್ನು ನಡೆಸಿಕೊಳ್ಳುವ ರೀತಿಯಲ್ಲಿದೆ ಎಂದು ನಮಗೆ ತೋರುತ್ತದೆ.

ವಾಕನ್ ಉತ್ತರ ಜರ್ಮನಿಯ ಶ್ಲೆಸ್‌ವಿಗ್-ಹೋಲ್‌ಸ್ಟೈನ್ ರಾಜ್ಯದಲ್ಲಿ, ಹ್ಯಾಂಬರ್ಗ್ ನಗರದ ವಾಯವ್ಯಕ್ಕಿರುವ ಒಂದು ಬೇಸಾಯದ ಊರು. ಜನಸಂಖ್ಯೆ ಎರಡು ಸಾವಿರದ ಆಸುಪಾಸು. ಅದೇ ಊರಿನ ಥಾಮಸ್ ಯೆನ್ಸನ್ ಮತ್ತು ಹೋಲ್ಗರ್ ಹ್ಯೂಬ್ನರ್ ಎಂಬ ಇಬ್ಬರು 1990ರ ಆಗಸ್ಟ್‌ನಲ್ಲಿ ಊರ ಬದಿಯ ಜಲ್ಲಿಗುಂಡಿಯೊಂದರಲ್ಲಿ ಎರಡು ದಿನದ ಕಛೇರಿಯನ್ನು ಏರ್ಪಡಿಸಿದರು. ಆರು ತಂಡಗಳು ನುಡಿಸಿದವು. ಅವುಗಳಲ್ಲೊಂದು ಯೆನ್ಸನ್ ಅವರದೇ ತಂಡ. ಕೇಳಲು ಬಂದವರು ಸುಮಾರು 800 ಮಂದಿ. ಇಂದು ಅದೇ ಊರಿನ ಹೊಲಗಳಲ್ಲಿ 85,000 ಮಂದಿ ಸೇರುತ್ತಾರೆ. ಮುಂದಿನ ವರ್ಷದ ಚೀಟಿಗಳು ಕೆಲವೇ ಗಂಟೆಗಳಲ್ಲಿ ಮಾರಿಹೋದದ್ದೂ ಉಂಟು. ಊರಿನ ಅಗ್ನಿಶಾಮಕ ಸ್ವಯಂಸೇವಕರ ವಾದ್ಯಮೇಳಕ್ಕೆ ಉತ್ಸವದ ಆರಂಭದಲ್ಲಿ ಇಂದಿಗೂ ಸ್ಥಾನವಿದೆ. ಊರವರು ತಮ್ಮ ಅಂಗಳಗಳನ್ನು ತೆರೆದು ಬೆಳಗಿನ ಉಪಾಹಾರ ಮಾರುತ್ತಾರೆ. ಕೊರಿಯಾದಲ್ಲಿ ಹುಟ್ಟಿ ಜರ್ಮನಿಯಲ್ಲಿ ನೆಲೆಸಿದ ಚೋ ಸುಂಗ್-ಹ್ಯುಂಗ್ ಅವರು 2006ರಲ್ಲಿ ಮಾಡಿದ ‘ಫುಲ್ ಮೆಟಲ್ ವಿಲೇಜ್’ ಎಂಬ ಸಾಕ್ಷ್ಯಚಿತ್ರ ಈ ಊರನ್ನೇ ಕುರಿತದ್ದು. ಅದರಲ್ಲಿ ಸಂಗೀತಕ್ಕಿಂತ ಹಸುಗಳಿಗೂ ಹಾಲಿಗೂ ರೈತರ ಮಾತುಕತೆಗೂ ಹೆಚ್ಚು ಜಾಗ ಸಿಕ್ಕಿದೆ. ಸೈತಾನನ ಆರಾಧಕರು ಬರುತ್ತಾರೆಂಬ ಹಿರಿಯರ ಅಳುಕೂ ಅದರಲ್ಲಿ ಕಾಣುತ್ತದೆ.

ಆ ಅಳುಕಿನ ಬಗ್ಗೆ ಒಂದೆರಡು ಮಾತು ಹೇಳಿ ಮುಂದೆ ಹೋಗೋಣ. ಬೆರಳುಗಳಿಂದ ಕೊಂಬು ತೋರಿಸುವ ಮುದ್ರೆಯನ್ನು ಈ ಸಂಗೀತದಲ್ಲಿ ಪ್ರಚಾರಕ್ಕೆ ತಂದವರು ಗಾಯಕ ರೋನಿ ಜೇಮ್ಸ್ ಡಿಯೋ. ಇಟಲಿ ಮೂಲದ ತಮ್ಮ ಅಜ್ಜಿ ಕೆಟ್ಟ ಕಣ್ಣು ತಾಗದಿರಲೆಂದು ಮಾಡುತ್ತಿದ್ದ ಸನ್ನೆಯದು ಎಂದು ಅವರೇ ತಿಳಿಸಿದ್ದಾರೆ. ನಮ್ಮ ಊರುಗಳ ದೃಷ್ಟಿಬೊಟ್ಟಿಗೂ ಅದಕ್ಕೂ ದೂರದ ನಂಟಲ್ಲ. ಈ ಸಂಗೀತದ ಆದ್ಯರಲ್ಲಿ ಸೇರುವ ಬ್ಲ್ಯಾಕ್ ಸಬ್ಬತ್ ತಂಡದ ಗೀತರಚನಕಾರ ಗೀಸರ್ ಬಟ್ಲರ್ ಬೆಳೆದದ್ದು ಬರ್ಮಿಂಗ್‌ಹ್ಯಾಮ್‌ನ ಕಥೋಲಿಕ ಮನೆಯಲ್ಲಿ. ಹಾಗೆಂದು ಎಲ್ಲವೂ ನಿರಪಾಯಕಾರಿ ಆಟವೆಂದು ನಾವು ಹೇಳುವುದಿಲ್ಲ. 1990ರ ದಶಕದ ಆರಂಭದಲ್ಲಿ ನಾರ್ವೆಯ ಬ್ಲ್ಯಾಕ್ ಮೆಟಲ್ ವಲಯದ ಕೆಲವರು ದೇವಾಲಯಗಳಿಗೆ ನಿಜವಾಗಿಯೇ ಬೆಂಕಿಯಿಟ್ಟರು, ಕೊಲೆಯೂ ನಡೆಯಿತು. ಅದು ಅಪರಾಧ; ನ್ಯಾಯಾಲಯ ಅದನ್ನು ವಿಚಾರಿಸಿ ಶಿಕ್ಷಿಸಿತು. ಆದರೆ ವಾಕನ್ನಿನ ಕೆಸರಿನಲ್ಲಿ ನಿಂತ ಸಾವಿರಾರು ಮಂದಿಯನ್ನು ಆ ಕೆಲವರ ಲೆಕ್ಕಕ್ಕೆ ಸೇರಿಸುವುದು ನೆರೆಯವನ ಮೇಲೆ ಸುಳ್ಳು ಸಾಕ್ಷಿ ಹೇಳುವುದರ ಸಮೀಪಕ್ಕೆ ಬರುತ್ತದೆ.

ಸತ್ತವರ ವಿಷಯಕ್ಕೆ ಬರೋಣ. ವಾಕನ್ನಿನ ಅಭಿಮಾನಿಗಳಿಗೆ ಮೋಟರ್‌ಹೆಡ್ ತಂಡದ ಲೆಮ್ಮಿ ಕಿಲ್‌ಮಿಸ್ಟರ್ ಮನೆಯ ಹಿರಿಯನಂತೆ ಇದ್ದವರು. ಆಂಗ್ಲಿಕನ್ ಗುರುವೊಬ್ಬರ ಮಗ. ತಂದೆ ಕೂಸನ್ನೂ ತಾಯಿಯನ್ನೂ ಬಿಟ್ಟುಹೋದರು. ಆ ಗಾಯ ಧರ್ಮದ ಬಗ್ಗೆ ಅವರು ಆಡುತ್ತಿದ್ದ ಕಟುವಾದ ಮಾತುಗಳ ಹಿಂದೆ ಇದ್ದಿರಬೇಕೆಂದು ಯಾರಿಗಾದರೂ ಅನ್ನಿಸುತ್ತದೆ. 2013ರ ಆಗಸ್ಟ್‌ನಲ್ಲಿ ವಾಕನ್ ವೇದಿಕೆಯ ಮೇಲೆ ಅವರ ದೇಹ ಸೋತಿತು. ಕೆಲವೇ ಹಾಡುಗಳ ನಂತರ ಕಛೇರಿಯನ್ನು ನಿಲ್ಲಿಸಿ ಇಳಿದುಹೋದರು. ನಮ್ಮ ಬೆಂಗಳೂರಿನ ಕ್ರಿಪ್ಟೋಸ್ ತಂಡ ವಾಕನ್ನಿನಲ್ಲಿ ನುಡಿಸಿದ್ದೂ ಅದೇ ವರ್ಷ. ಮರುವರ್ಷ ಲೆಮ್ಮಿ ಮತ್ತೆ ಅದೇ ಬಯಲಿಗೆ ಬಂದು ಹಾಡಿದರು. 2015ರ ಡಿಸೆಂಬರ್ 28ರಂದು ತೀರಿಕೊಂಡರು.

ಡಿಯೋ 2010ರಲ್ಲಿಯೇ ತೀರಿಕೊಂಡಿದ್ದರು. ಆರು ವರ್ಷಗಳಾದ ಮೇಲೆ, 2016ರ ವಾಕನ್ ಉತ್ಸವದಲ್ಲಿ, ಅವರು ಮತ್ತೆ ವೇದಿಕೆಯ ಮೇಲೆ ಕಾಣಿಸಿಕೊಂಡರು. ಅಂದರೆ ಬೆಳಕಿನಿಂದ ರೂಪಿಸಿದ ಅವರ ಬಿಂಬ ಕಾಣಿಸಿಕೊಂಡಿತು. ಧ್ವನಿ ಅವರು ಬದುಕಿದ್ದಾಗಿನ ಮುದ್ರಣದ್ದು. ಹಿಂದೆ ನಿಂತು ನುಡಿಸಿದವರು ಅವರ ಹಳೆಯ ಸಂಗಡಿಗರು, ಜೀವಂತ ಮನುಷ್ಯರು. ಇದನ್ನು ಪ್ರೀತಿಯಿಂದಲೇ ಮಾಡಿದರೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೂ ಸಮುವೇಲನ ಮೊದಲನೆಯ ಗ್ರಂಥದ 28ನೆಯ ಅಧ್ಯಾಯ ನೆನಪಾಗದೆ ಇರದು. ಸೌಲನು ಏಂದೋರಿನ ಹೆಂಗಸಿನ ಮೂಲಕ ಸಮುವೇಲನನ್ನು ಮೇಲಕ್ಕೆ ಬರಮಾಡಿಕೊಂಡನು. ಬಂದ ಸಮುವೇಲನು ಮೊದಲು ಮಾಡಿದ್ದು ತನ್ನನ್ನು ಯಾಕೆ ಕದಲಿಸಿದೆಯೆಂದು ಗದರಿದ್ದು. ಆಮೇಲೆ ನುಡಿದದ್ದು ಸೌಲನಿಗೆ ಬೇಡವಾದ ಮಾತು. ಆ ಕಥೆಯಲ್ಲಿ ನಿಷಿದ್ಧವಾದ ಕಾರ್ಯದ ನಡುವೆಯೂ ಸತ್ತವನ ಘನತೆ ಉಳಿದಿದೆ: ಅವನು ಕರೆದವನ ಇಚ್ಛೆಗೆ ಒಳಗಾಗುವುದಿಲ್ಲ. ಬೆಳಕಿನ ಬಿಂಬಕ್ಕೆ ಈ ಸ್ವಾತಂತ್ರ್ಯವಿಲ್ಲ. ಯಾಕೆ ನನ್ನನ್ನು ಎಬ್ಬಿಸಿದಿರಿ ಎಂದು ಅದು ಕೇಳಲಾರದು, ಹಾಡುವುದಿಲ್ಲ ಎನ್ನಲಾರದು, 2013ರ ಲೆಮ್ಮಿಯಂತೆ ದಣಿದು ಇಳಿದುಹೋಗಲಾರದು. ಮೃತನನ್ನು ನಮ್ಮ ಅಪೇಕ್ಷೆಯ ಅಳತೆಗೆ ಕುಗ್ಗಿಸುವುದು ಸ್ಮರಣೆಯಲ್ಲ. ನಮ್ಮ ವಿಶ್ವಾಸ ಪ್ರಮಾಣವು ಶರೀರದ ಪುನರುತ್ಥಾನವನ್ನು ಹೇಳುತ್ತದೆಯೇ ಹೊರತು ನೆನಪಿನ ಪುನರುತ್ಥಾನವನ್ನಲ್ಲ. ಎದ್ದ ಕರ್ತನನ್ನು ಮಗ್ದಲದ ಮರಿಯಳು ಹಿಡಿದಿಟ್ಟುಕೊಳ್ಳಲಾಗಲಿಲ್ಲವೆಂಬುದು ಇಲ್ಲಿ ಚಿಕ್ಕ ಸಂಗತಿಯಲ್ಲ.

ಬೂದಿಯ ಕಥೆ ಬೇರೆ. 2023ರಲ್ಲಿ ಲೆಮ್ಮಿಯ ಚಿತಾಭಸ್ಮದ ಒಂದು ಭಾಗವನ್ನು ವಾಕನ್ನಿಗೆ ಮೆರವಣಿಗೆಯಲ್ಲಿ ತಂದರು. ಇನ್ನೊಂದು ಭಾಗವನ್ನು ಅದಕ್ಕೂ ಮೊದಲೇ ಬಂದೂಕಿನ ಗುಂಡುಗಳಲ್ಲಿ ತುಂಬಿ ಆಪ್ತ ಸ್ನೇಹಿತರಿಗೆ ಕಳುಹಿಸಲಾಗಿತ್ತು. ಸಭೆಯ ಚರಿತ್ರೆಯನ್ನು ಓದಿದವರಿಗೆ ಇದು ಅಪರಿಚಿತ ದೃಶ್ಯವಲ್ಲ. ಎರಡನೆಯ ಶತಮಾನದಲ್ಲಿ ಸ್ಮುರ್ನದ ಬಿಷಪರಾದ ಪೊಲಿಕಾರ್ಪರು ಸುಡಲ್ಪಟ್ಟಾಗ ವಿಶ್ವಾಸಿಗಳು ಅವರ ಎಲುಬುಗಳನ್ನು ರತ್ನಗಳಿಗಿಂತ ಬೆಲೆಯುಳ್ಳವೆಂದು ಆರಿಸಿ ಇಟ್ಟು, ವರ್ಷವರ್ಷವೂ ಆ ಸ್ಥಳದಲ್ಲಿ ಕೂಡಿಬರಲು ನಿಶ್ಚಯಿಸಿದರು. ಸತ್ತವರ ಅವಶೇಷದ ಬಳಿ ಕೂಡುವ ಹಂಬಲ ಮನುಷ್ಯನಿಂದ ಸುಲಭವಾಗಿ ಹೋಗುವಂಥದಲ್ಲ. ಇನ್ನೂ ಒಂದು ವಿಪರ್ಯಾಸ: ವಾಕನ್ ಇರುವುದು ಲೂಥರನ ನಾಡಿನಲ್ಲಿ. ವಿಟ್ಟೆನ್‌ಬರ್ಗಿನ ಅರಸನು ಸಾವಿರಾರು ಅವಶೇಷಗಳನ್ನು ಕೂಡಿಟ್ಟಿದ್ದ ಕಾಲದಲ್ಲಿ ಆ ಭಕ್ತಿಯನ್ನು ಪ್ರಶ್ನಿಸಿದ ಸುಧಾರಣೆ ಹುಟ್ಟಿದ್ದು ಆ ದೇಶದಲ್ಲಿ. ಸುಧಾರಣೆಯು ಪೀಠಗಳಿಂದ ಎಲುಬುಗಳನ್ನು ತೆಗೆಯಿತು, ಅದು ಸರಿಯೇ. ಆದರೆ ಆ ಎಲುಬುಗಳ ಸುತ್ತ ನೆರೆಯುತ್ತಿದ್ದ ಜನರ ಕೈಗೆ ಬದಲಾಗಿ ಏನನ್ನು ಕೊಟ್ಟಿತು ಎಂಬ ಪ್ರಶ್ನೆಯನ್ನು ಪ್ರೊಟೆಸ್ಟಂಟರಾದವರು ಎದುರಿಸಲೇಬೇಕು.

ಹಾಗಾದರೆ ಬೂದಿಯ ಮೆರವಣಿಗೆಯನ್ನು ಹೇಗೆ ಅಳೆಯಬೇಕು? ಅಗಸ್ತೀನನು ತನ್ನ ಅರಿಕೆಗಳ ಆರನೆಯ ಭಾಗದಲ್ಲಿ ತಾಯಿ ಮೋನಿಕಾಳ ಒಂದು ಪ್ರಸಂಗವನ್ನು ಹೇಳುತ್ತಾನೆ. ಆಫ್ರಿಕದ ರೂಢಿಯಂತೆ ಆಕೆ ಮಿಲಾನಿನಲ್ಲಿಯೂ ರಕ್ತಸಾಕ್ಷಿಗಳ ಸಮಾಧಿಗಳಿಗೆ ಗಂಜಿ, ರೊಟ್ಟಿ, ದ್ರಾಕ್ಷಾರಸ ಒಯ್ಯುತ್ತಿದ್ದಳು. ಬಾಗಿಲು ಕಾಯುವವನು ತಡೆದನು; ಬಿಷಪನಾದ ಅಂಬ್ರೋಸನು ಇದನ್ನು ನಿಲ್ಲಿಸಿದ್ದಾನೆಂದು ತಿಳಿಯಿತು. ಅಂಬ್ರೋಸನಿಗಿದ್ದ ಕಾರಣಗಳು ಎರಡು: ಕುಡಿತಕ್ಕೆ ಎಡೆಯಾಗಬಾರದು, ಅನ್ಯಧರ್ಮೀಯರು ತಮ್ಮ ಪಿತೃಗಳಿಗೆ ಮಾಡುವ ಆಚರಣೆಯನ್ನು ಇದು ಹೋಲಬಾರದು. ಮೋನಿಕಾ ಒಯ್ಯುತ್ತಿದ್ದುದು ನೀರು ಬೆರೆಸಿದ ಒಂದೇ ಒಂದು ಬಟ್ಟಲು. ಎಲ್ಲ ಸಮಾಧಿಗಳಿಗೂ ಅದೇ. ವಾಕನ್ನಿನಲ್ಲಿ 2017ರಲ್ಲಿ ಬಿಯರಿಗಾಗಿ ನೆಲದಡಿ ಕೊಳವೆಯನ್ನೇ ಹಾಕಿದರು. ಅಂಬ್ರೋಸನು ಕಂಡಿದ್ದರೆ ಏನೆನ್ನುತ್ತಿದ್ದನೋ. ಪ್ರಸಂಗದ ಮುಖ್ಯಾಂಶ ಬೇರೆ: ಆಕೆ ಬುಟ್ಟಿಯನ್ನು ಬಿಟ್ಟಳು, ಸಮಾಧಿಗಳಿಗೆ ಹೋಗುವುದನ್ನು ಬಿಡಲಿಲ್ಲ. ಪ್ರಾರ್ಥನೆ ತುಂಬಿದ ಹೃದಯವನ್ನು ಒಯ್ದಳು, ಇದ್ದುದನ್ನು ಬಡವರಿಗೆ ಕೊಟ್ಟಳು, ಅಲ್ಲಿಯೇ ಕರ್ತನ ಭೋಜನದಲ್ಲಿ ಪಾಲುಗೊಂಡಳು. ಅಂಬ್ರೋಸನು ಹಂಬಲವನ್ನು ಖಂಡಿಸಲಿಲ್ಲ; ಅದು ಯಾರ ಕಡೆಗೆ ಹೊರಳಿದೆ, ಅದರಿಂದ ಬಡವನಿಗೆ ಏನು ದೊರೆಯುತ್ತದೆ ಎಂದು ವಿಚಾರಿಸಲು ಕಲಿಸಿದನು. ಅಗಸ್ತೀನನೇ ಮುಂದೆ ಸನ್ಯಾಸಿಗಳ ಕೆಲಸವನ್ನು ಕುರಿತ ತನ್ನ ಗ್ರಂಥದಲ್ಲಿ ರಕ್ತಸಾಕ್ಷಿಗಳ ಅಂಗಗಳೆಂದು ಏನನ್ನೋ ಮಾರುತ್ತ ತಿರುಗುವವರನ್ನು ಚುಚ್ಚಿ ಮಾತಾಡಿದ್ದಾನೆ.

ಈ ಅಳತೆಗೋಲಿನಿಂದ ನೋಡಿದರೆ ವಾಕನ್ ಉತ್ಸವದ ನಿಜವಾದ ಇಕ್ಕಟ್ಟು ಕಾಣಿಸುತ್ತದೆ. ಜಲ್ಲಿಗುಂಡಿಯಲ್ಲಿ ನೆರೆದ 800 ಮಂದಿಯ ಕೂಟ ಊರಿಗೆ ಉತ್ತರ ಕೊಡಬೇಕಾಗಿತ್ತು: ನೆರೆಯ ರೈತನಿಗೆ, ನಿದ್ದೆಗೆಟ್ಟ ಮುದುಕಿಗೆ. ಇಂದು ಉತ್ಸವವು ಸೂಪರ್‌ಸ್ಟ್ರಕ್ಟ್ ಎಂಬ ಅಂತರರಾಷ್ಟ್ರೀಯ ಉತ್ಸವ ಸಂಸ್ಥೆಯ ಬಳಗಕ್ಕೆ ಸೇರಿದೆ. ಆ ಸಂಸ್ಥೆಯನ್ನು 2024ರಲ್ಲಿ ಕೆ.ಕೆ.ಆರ್. ಎಂಬ ಅಮೆರಿಕದ ಬಂಡವಾಳ ಕಂಪನಿ ಕೊಂಡಿತು. ಬಯಲನ್ನು ಅಭಿಮಾನಿಗಳು ‘ಪವಿತ್ರ ನೆಲ’ ಎಂದು ಕರೆಯುತ್ತಾರೆ. ಮೋಶೆಗೆ ಕೆರ ಕಳಚಲು ಆಜ್ಞೆಯಾಯಿತು. ಇಲ್ಲಿ ಮಳೆ ಬಂದರೆ ಕೆಸರೇ ಕಳಚಿಕೊಳ್ಳುತ್ತದೆ. 2023ರಲ್ಲಿ, ಲೆಮ್ಮಿಯ ಬೂದಿ ಬಂದ ವರ್ಷವೇ, ಮಳೆಯಿಂದ ಹೊಲಗಳು ಹೂತುಹೋಗಿ, ಚೀಟಿ ಕೊಂಡಿದ್ದ ಸಾವಿರಾರು ಮಂದಿಯನ್ನು ಒಳಗೆ ಬಿಡಲಾಗದೆ ಹಿಂದಕ್ಕೆ ಕಳುಹಿಸಬೇಕಾಯಿತು. ನೆಲವನ್ನು ಪವಿತ್ರವೆನ್ನುವುದು ಸುಲಭ. ಆ ನೆಲ ಎಷ್ಟು ಭಾರ ತಾಳುತ್ತದೆಂಬ ಲೆಕ್ಕ ಯಾರ ಕೈಯಲ್ಲಿದೆ ಎಂಬುದು ಪ್ರಶ್ನೆ. ಕೊಂಬಿನ ಮುದ್ರೆಯನ್ನು ಕಂಡು ಬೆಚ್ಚಿಬೀಳುವ ನಮ್ಮ ಪ್ರಸಂಗಗಳು ಈ ಮಮ್ಮೋನನ ಬಗ್ಗೆ ಮೌನವಾಗಿರುವುದು ಆಶ್ಚರ್ಯ.

ಅದೇ ಉತ್ಸವದಿಂದ ಸಭೆಗೆ ಒಂದು ನೇರವಾದ ಸವಾಲೂ ಬರುತ್ತದೆ. ಉತ್ತರ ಜರ್ಮನಿಯ ಇವ್ಯಾಂಜೆಲಿಕಲ್-ಲೂಥರನ್ ಸಭೆಯವರು ಉತ್ಸವದ ಬಯಲಿನಲ್ಲಿ ಆತ್ಮಪಾಲನೆಯ ಸೇವೆ ನಡೆಸುತ್ತಾರೆ. ಊರಿನ ದೇವಾಲಯವೂ ಆ ದಿನಗಳಲ್ಲಿ ಮೆಟಲ್ ಕಛೇರಿಗೆ ಬಾಗಿಲು ತೆರೆದದ್ದುಂಟು. ಆತ್ಮಪಾಲಕರ ಬಳಿಗೆ ಬರುವವರ ಮಾತು ಸಂಗೀತದ್ದಲ್ಲ. ಮುರಿದ ಸಂಬಂಧ, ಒಂಟಿತನ, ತೀರಿಕೊಂಡ ಗೆಳೆಯ. ಈ ಸಂಗೀತ ಕೋಪಕ್ಕೂ ಮರಣಭಯಕ್ಕೂ ದನಿ ಕೊಡುತ್ತದೆ, ಅವುಗಳಿಗೆ ಬೇಗನೆ ಸಾಂತ್ವನ ಹೇಳಿ ಬಾಯಿ ಮುಚ್ಚಿಸುವುದಿಲ್ಲ. 88ನೆಯ ಕೀರ್ತನೆಯೂ ಹಾಗೆಯೇ: ಕತ್ತಲೆಯಲ್ಲಿ ಆರಂಭವಾಗಿ ಕತ್ತಲೆಯಲ್ಲಿಯೇ ನಿಲ್ಲುತ್ತದೆ. ಆ ಕೀರ್ತನೆಯನ್ನು ನಮ್ಮ ದೇವಾರಾಧನೆಗಳಲ್ಲಿ ಕೊನೆಯ ಬಾರಿ ಓದಿದ್ದು ಯಾವಾಗ? ಹೊಸ ಸ್ತುತಿಗೀತೆಗಳ ಪುಸ್ತಕಗಳನ್ನು ತಿರುವಿಹಾಕಿದರೆ ಜಯ, ಸಂತೋಷ, ಆಶೀರ್ವಾದ ಧಾರಾಳವಾಗಿ ಸಿಗುತ್ತವೆ. ಪ್ರಲಾಪ ಸಿಗುವುದು ಅಪರೂಪ. ಐರನ್ ಮೇಡನ್ ತಂಡ 2007ರಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ಕಿಕ್ಕಿರಿದ ಯೌವನಸ್ಥರಲ್ಲಿ ಭಾನುವಾರದ ಗಾಯನತಂಡಗಳವರು ಇರಲಿಲ್ಲವೆಂದು ನಾವು ನಂಬುವುದಿಲ್ಲ. ಅವರು ಅಲ್ಲಿ ಏನನ್ನು ಕೇಳಲು ಹೋಗಿದ್ದರೆಂದು ಅವರ ಪಾಲಕರು ಕೇಳಿದ್ದಾರೆಯೇ?

ಆದರೂ ಉತ್ಸವವನ್ನು ಸಭೆಯೆಂದು ಕರೆಯಲು ನಾವು ಹಿಂಜರಿಯುವುದಕ್ಕೆ ಕಾರಣವಿದೆ. ಉತ್ಸವವು ನೆನೆಯುವುದು ಪ್ರಸಿದ್ಧರನ್ನು. ಬೂದಿಗೆ ಮೆರವಣಿಗೆ ದೊರೆತದ್ದು ಲೆಮ್ಮಿಯದಾದ್ದರಿಂದ; ಬಿಂಬ ಮೂಡಿದ್ದು ಡಿಯೋನದಾದ್ದರಿಂದ. ಕಳೆದ ವರ್ಷ ಜೊತೆಗೆ ಬಂದು ಈ ವರ್ಷ ಇಲ್ಲವಾದ ಗೆಳೆಯನ ಹೆಸರನ್ನು ವೇದಿಕೆಯಿಂದ ಯಾರೂ ಓದುವುದಿಲ್ಲ. ಅದಕ್ಕೆ ಅವನ ಸಂಗಡಿಗ ಆತ್ಮಪಾಲಕರ ಬಳಿಗೆ ಬರಬೇಕು. ಪರಿಶುದ್ಧರ ಅನ್ಯೋನ್ಯತೆಯಲ್ಲಿ ಈ ಭೇದವಿಲ್ಲ, ಇರಬಾರದು. ಜರ್ಮನಿಯ ಪ್ರೊಟೆಸ್ಟಂಟ್ ಸಭೆಗಳಲ್ಲಿ ಆಗಮನಕಾಲಕ್ಕೆ ಮೊದಲಿನ ಭಾನುವಾರ ಸತ್ತವರ ಭಾನುವಾರ. ಪ್ರಷ್ಯದ ಅರಸನು 1816ರಲ್ಲಿ ನೇಮಿಸಿದ್ದು. ಆ ದಿನ ಆ ವರ್ಷ ತೀರಿಕೊಂಡ ಸಭೆಯವರ ಹೆಸರುಗಳನ್ನು ಒಂದೊಂದಾಗಿ ಓದುವ ರೂಢಿಯಿದೆ. ಹಾಲು ಕರೆದವನು, ಅಂಚೆ ಹಂಚಿದವಳು, ದೇವಾಲಯಕ್ಕೆ ಅಪರೂಪವಾಗಿ ಬಂದವನು, ಎಲ್ಲರೂ ಆ ಪಟ್ಟಿಯಲ್ಲಿ ಒಂದೇ ದನಿಯಲ್ಲಿ ಬರುತ್ತಾರೆ.

ನಮ್ಮಲ್ಲಿಯೂ ಸಮಾಧಿಗಳನ್ನು ಸ್ವಚ್ಛಮಾಡಿ ಮೇಣದಬತ್ತಿ ಹಚ್ಚುವ ದಿನಗಳುಂಟು. ಆ ದಿನ ಯಾರ ಸಮಾಧಿಗೆ ಹೂವು ಬಂತು, ಯಾರದಕ್ಕೆ ಬರಲಿಲ್ಲ ಎಂಬುದನ್ನು ಸಭಾಪಾಲಕರು ನಡೆದು ನೋಡಬಹುದು. ಸಭೆಯ ಮರಣದ ದಾಖಲೆಯ ಪುಸ್ತಕ ಕಪಾಟಿನಲ್ಲಿದೆ. ಅದರಲ್ಲಿರುವ ಹೆಸರುಗಳನ್ನು ಗಟ್ಟಿಯಾಗಿ ಓದಲು ಇಪ್ಪತ್ತು ನಿಮಿಷ ಸಾಕು.