ಹನಿಯೊಳಗಣ ಬೇಟೆ

ಸೂಕ್ಷ್ಮದರ್ಶಕವನ್ನು ಕೊಂಡ ಹೊಸದರಲ್ಲಿ ಎಲ್ಲರೂ ಅರಸುವುದು ಅಮೀಬೆಯನ್ನೇ. ಪಠ್ಯಪುಸ್ತಕಗಳು ಅದಕ್ಕೆ ಕೊಟ್ಟಿರುವ ಪ್ರಾಶಸ್ತ್ಯ ಅಂಥದು. ಮಿಥ್ಯಾಪಾದಗಳನ್ನು ಚಾಚಿ, ಆಹಾರವನ್ನು ಸುತ್ತಲಿಂದಲೂ ಬಳಸಿ, ಕೊಂಚ ನೀರಿನೊಡನೆ ಮೈಯೊಳಕ್ಕೆ ಸೇರಿಸಿಕೊಳ್ಳುವ ಅದರ ಮಂದಗತಿಯ ಭೋಜನ ನೋಡತಕ್ಕದ್ದೇ ಹೌದು. ಆದರೆ ಒಂದೇ ಒಂದು ಜೀವಕೋಶದಲ್ಲಿ ಬೇಟೆಯ ಕಲೆ ಎಷ್ಟು ಎತ್ತರಕ್ಕೆ ಏರಬಲ್ಲುದೆಂಬುದನ್ನು ಕಾಣಬಯಸುವವರು ಅಮೀಬೆಯನ್ನು ಬಿಟ್ಟು ಡಿಡಿನಿಯಮ್ಮಿನ ಕಡೆಗೆ ತಿರುಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಆಕಾರದಲ್ಲಿ ಅದೊಂದು ಪುಟ್ಟ ಪೀಪಾಯಿ. ಉದ್ದ ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲಿನ ಆಸುಪಾಸು. ಪೀಪಾಯಿಗೆ ಕಬ್ಬಿಣದ ಪಟ್ಟಿ ಬಿಗಿದಂತೆ ಮೈಗೆ ಎರಡು ಸುತ್ತು ಲೋಮಾಂಗಗಳು. ಮುಂದುಗಡೆ ಶಂಕುವಿನಂಥ ಮೂತಿ. ಅದರ ಪರಮಪ್ರಿಯ ಆಹಾರವಾದ ಪ್ಯಾರಮೀಸಿಯಮ್ಮಾದರೋ ಚಪ್ಪಲಿಯ ಅಟ್ಟೆಯ ಆಕಾರದ್ದು. ಉದ್ದದಲ್ಲಿ ಬೇಟೆಗಾರನ ಸುಮಾರು ಎರಡರಷ್ಟು.

ಈ ಬೇಟೆಗಾರನಿಗೆ ಕಣ್ಣಿಲ್ಲ, ಕಿವಿಯಿಲ್ಲ. ಅಟ್ಟಿಸಿಕೊಂಡು ಹೋಗುವ ಅಭ್ಯಾಸವೂ ಇಲ್ಲ. ತನ್ನ ಮೈಯನ್ನೇ ತಿರುಪಿನಂತೆ ತಿರುಗಿಸುತ್ತ, ಗಾಜಿಗೂ ಕಸಕ್ಕೂ ಮೂತಿಯನ್ನು ತಾಗಿಸಿ ಹಿಂದೆ ಸರಿಯುತ್ತ, ಗೊತ್ತುಗುರಿಯಿಲ್ಲದೆ ಅಲೆಯುತ್ತಿರುವಾಗ ಆ ಮೂತಿ ಎಂದೋ ಒಮ್ಮೆ ಪ್ಯಾರಮೀಸಿಯಮ್ಮಿನ ಮೈಗೆ ತಾಗಿತೆಂದರೆ, ಒಳಗೆ ಮೊದಲೇ ಸಿದ್ಧವಾಗಿ ಹುದುಗಿದ್ದ ಅತಿಸೂಕ್ಷ್ಮ ನಾಳಗಳು ಆ ಕ್ಷಣವೇ ಸಿಡಿದು, ಕೆಲವು ಬೇಟೆಗೆ ಅಂಟಿಕೊಂಡು, ಕೆಲವು ಅದರ ಒಳಹೊಕ್ಕು ವಿಷವನ್ನು ಸುರಿಸುತ್ತವೆ. ಎಲ್ಲವೂ ಈ ಸ್ಪರ್ಶದಲ್ಲಿಯೇ ಇದೆ. ನೋಡಬೇಕಾದ ಕ್ಷಣವೂ ಇದೇ. ಪ್ಯಾರಮೀಸಿಯಮ್ಮು ಸುಮ್ಮನೆ ಒಪ್ಪಿಸಿಕೊಳ್ಳುವುದೆಂದಲ್ಲ. ತನ್ನ ತೊಗಟೆಯ ಕೆಳಗೆ ಸಾಲಾಗಿ ನಿಂತ ಸಾವಿರಾರು ಸೂಜಿಗಳನ್ನು ಅದೂ ಹೊರಚಿಮ್ಮಿಸುತ್ತದೆ. ನಡುವೆ ಎದ್ದ ಆ ನೂಲಿನ ರಾಶಿಯಿಂದ ಇಬ್ಬರೂ ದೂರ ತಳ್ಳಲ್ಪಟ್ಟು ಬೇಟೆ ತಪ್ಪಿಹೋಗುವುದೂ ಕೆಲವೊಮ್ಮೆ ಉಂಟು. ತಪ್ಪದಿದ್ದರೆ, ಇಲ್ಲವೆಂದು ತೋರುತ್ತಿದ್ದ ಬಾಯಿ ಮೂತಿಯ ತುದಿಯಲ್ಲಿ ತೆರೆದು, ಅಗಲವಾಗಿ, ಇನ್ನೂ ಅಗಲವಾಗಿ, ತನ್ನ ಎರಡರಷ್ಟಿರುವ ಪ್ರಾಣಿಯನ್ನು ಬೇಕಾದರೆ ನಡುವೆ ಮಡಿಸಿಯಾದರೂ ಒಳಕ್ಕೆ ಎಳೆದುಕೊಳ್ಳುತ್ತದೆ. ಕೆಲವೇ ನಿಮಿಷಗಳಲ್ಲಿ ಪೀಪಾಯಿ ಹೋಗಿ ತುಂಬಿದ ಚೀಲವೊಂದು ಅಲ್ಲಿ ಉರುಳುತ್ತಿರುತ್ತದೆ. ಎಷ್ಟು ಸಲ ನೋಡಿದ್ದರೂ ಆ ಹೊತ್ತಿನಲ್ಲಿ ನಾನು ಉಸಿರು ಬಿಗಿಹಿಡಿಯುತ್ತೇನೆ.

ಹಂಸದಂತೆ ಕೊರಳನ್ನು ದೇಹದ ಹಲವು ಪಟ್ಟು ನೀಡಿ ತಡಕುವ ಲ್ಯಾಕ್ರಿಮೇರಿಯ, ಒಂದೆಡೆ ನೆಲೆನಿಂತು ಟೊಳ್ಳು ಕರಗಳಿಂದ ಬೇಟೆಯ ಸಾರವನ್ನು ಹೀರುವ ಪೊಡೋಫ್ರಿಯ, ಇವೂ ಶ್ಲಾಘ್ಯವೇ. ಅವುಗಳ ಮಾತು ಇನ್ನೊಂದು ವಾರಕ್ಕಿರಲಿ.

ಮಾಸ್ಕೋದ ಯುವ ವಿಜ್ಞಾನಿ ಗಾಸ್ ಡಿಡಿನಿಯಮ್-ಪ್ಯಾರಮೀಸಿಯಮ್ ಜೋಡಿಯನ್ನು ನಳಿಕೆಗಳಲ್ಲಿ ಸಾಕಿ, ಕಂಡದ್ದನ್ನು 1934ರ ತನ್ನ ಗ್ರಂಥದಲ್ಲಿ ವಿವರಿಸಿದನು. ತಿಳಿಯಾದ ದ್ರವದಲ್ಲಿ ಡಿಡಿನಿಯಮ್ಮುಗಳು ಪ್ಯಾರಮೀಸಿಯಮ್ಮುಗಳನ್ನು ಒಂದೂ ಉಳಿಯದಂತೆ ತಿಂದು, ಬಳಿಕ ತಾವೂ ಹಸಿವಿನಿಂದ ಅಳಿದವು. ತಳದಲ್ಲಿ ಗಸಿಯಿದ್ದ ನಳಿಕೆಯಲ್ಲಾದರೋ ಕೆಲವು ಪ್ಯಾರಮೀಸಿಯಮ್ಮುಗಳು ಅದರೊಳಗೆ ಮರೆಯಾಗಿ ಉಳಿದುಕೊಂಡು, ಬೇಟೆಗಾರರು ಸತ್ತಮೇಲೆ ಮತ್ತೆ ಹೆಚ್ಚಿದವು. ಕುರುಡಾಗಿ ಅಲೆಯುವ ಪ್ರಾಣಿಗೆ ಒಂದಿಷ್ಟು ಗಸಿಯೇ ದುರ್ಗಮವಾದ ಕೋಟೆ.

ಕೆರೆಯ ನೀರನ್ನು ಬಾಟಲಿಯಲ್ಲಿಟ್ಟು ಸಾಕುವ ಮಿತ್ರರಲ್ಲಿ ನನ್ನದೊಂದು ವಿಜ್ಞಾಪನೆ. ಒಂದು ಬೆಳಗ್ಗೆ ನೀರು ಬರಿದಾಗಿ, ಬೇಟೆಯೂ ಬೇಟೆಗಾರನೂ ಕಾಣದಾದಾಗ ಅದನ್ನು ಮೋರಿಗೆ ಚೆಲ್ಲಬೇಡಿ. ಆಹಾರ ತೀರಿದ ಡಿಡಿನಿಯಮ್ಮುಗಳು ಎಷ್ಟೋ ವೇಳೆ ಗಟ್ಟಿಯಾದ ಚಿಪ್ಪನ್ನು ಕಟ್ಟಿಕೊಂಡು, ದುಂಡಗಾಗಿ, ತಳದಲ್ಲಿ ಮಲಗಿರುತ್ತವೆ. ಹುಲ್ಲು ಕುದಿಸಿದ ನೀರನ್ನು ಎರಡು ದಿನ ಹಾಗೆಯೇ ಬಿಟ್ಟು ಆ ಬಾಟಲಿಗೆ ಸೇರಿಸಿರಿ, ಬೇರೆಡೆ ಬೆಳೆಸಿದ ಪ್ಯಾರಮೀಸಿಯಮ್ಮುಗಳನ್ನೂ ಬಿಡಿರಿ, ಮತ್ತು ಕೆಲವು ದಿನ ಕಾದು ನೋಡಿರಿ.