ದೀಪ ಹಿಡಿದ ಹುಡುಗಿ

ಸುಧಾ ಚಂದ್ರನ್ ಅಭಿನಯದ ತೆಲುಗು ‘ಮಯೂರಿ’ಯನ್ನು ನಾನು ಮೂರು ಸಲ ನೋಡಿದ್ದೇನೆ. ಮೂರು ಸಲವೂ ಸೆರಗು ಒದ್ದೆಯಾಗಿದೆ. 1981ರ ಅಪಘಾತದಿಂದಾಗಿ ಕಾಲು ಕಳೆದುಕೊಂಡವಳು ಜೈಪುರ ಕಾಲು ತೊಟ್ಟು ಮತ್ತೆ ರಂಗಕ್ಕೆ ಬಂದಳು. 1985ರಲ್ಲಿ ಸಿಂಗೀತಂ ಶ್ರೀನಿವಾಸರಾಯರು ಆ ಕಥೆಯನ್ನು ಅವಳಿಂದಲೇ ಆಡಿಸಿ ಸಿನಿಮಾ ಮಾಡಿದರು. ಆದರೂ ಈಗ ನನ್ನದೊಂದು ತಕರಾರಿದೆ. ಮೊದಲಿನಂತೆಯೇ ಕುಣಿದಳು ಎಂಬುದೇ ಅಲ್ಲಿನ ಗೆಲುವು. ‘ಮೊದಲು’ ಎಂಬುದೇ ಇಲ್ಲದವರು ಏನು ಮಾಡಬೇಕು?

ಈ ಪ್ರಶ್ನೆ ಹುಟ್ಟಿಸಿದ್ದು ತ್ರಿಪುರಾ ಕಶ್ಯಪ್ ಅವರ ‘ಮೈ ಬಾಡಿ, ಮೈ ವಿಸ್ಡಮ್’ (2005). ಕಲಾಕ್ಷೇತ್ರದಲ್ಲಿ ಭರತನಾಟ್ಯ ಕಲಿತು, ಅಮೆರಿಕದಲ್ಲಿ ನೃತ್ಯ ಚಿಕಿತ್ಸೆಯ ತರಬೇತಿ ಪಡೆದು, ಬೆಂಗಳೂರಿನಲ್ಲಿ ಬಹುಕಾಲ ದುಡಿದವರು ಇವರು. ಅಡವು ಕಲಿಸುವ ಪುಸ್ತಕವಲ್ಲ ಇದು. ಈ ಪದ್ಧತಿಯಲ್ಲಿ ಮಗುವಿಗೆ ಬರುವ ಚಲನೆಯೇ ಪಾಠದ ಮೊದಲಕ್ಷರ. ಎಷ್ಟೋ ಸಲ ಗುರುವೇ ಶಿಷ್ಯನನ್ನು ಅನುಕರಿಸುತ್ತಾಳೆ. ‘ಚಿಕಿತ್ಸೆ’ ಎಂಬ ಮಾತು ಮಾತ್ರ ನನಗೆ ಹಿಡಿಸಲಿಲ್ಲ. ನಮ್ಮ ಮಕ್ಕಳು ಕುಣಿದರೆ ಕಲೆ, ಅವರು ಕುಣಿದರೆ ಔಷಧಿಯೆ?

ಹೀಗೆ ಕೇಳುವ ನಾನೇನೂ ಸಾಚಾ ಅಲ್ಲ. 1998ರ ಶಾಲಾ ವಾರ್ಷಿಕೋತ್ಸವದಲ್ಲಿ, ಪೋಲಿಯೋ ಆಗಿದ್ದ ಆರನೇ ತರಗತಿಯ ಹುಡುಗಿಗೆ ಕೈಯಲ್ಲೊಂದು ದೀಪ ಕೊಟ್ಟು ವೇದಿಕೆಯ ಅಂಚಿನಲ್ಲಿ ಸ್ಟೂಲಿನ ಮೇಲೆ ಕೂರಿಸಿದ್ದೆ. ಪಾಪ, ಅವಳಿಗೂ ಒಂದು ಅವಕಾಶವಿರಲಿ ಅಂತ. ಹಾಡು ಶುರುವಾದದ್ದೇ ತಡ, ದೀಪ ತಾಳಕ್ಕೆ ಸರಿಯಾಗಿ ತೂಗತೊಡಗಿತು. ಪರದೆಯ ಮರೆಯಿಂದ ಕಣ್ಣು ಕೆಕ್ಕರಿಸಿ ನಿಲ್ಲಿಸಿದವಳು ನಾನೇ.

ನಮ್ಮ ಜೆ.ಪಿ. ನಗರದಲ್ಲಿ 2004ರಲ್ಲಿ ರಂಗಶಂಕರ ತೆರೆದ ಮೇಲೆ ನಾಟಕ ನೋಡುವ ಕಣ್ಣು ನಮಗೂ ಒಂದಿಷ್ಟು ಬಂದಿದೆ. ಚೆನ್ನಾಗಿಲ್ಲದಿದ್ದರೆ ಅಲ್ಲೇ ಕಾಫಿ ಕುಡಿಯುತ್ತ ಆಡಿಕೊಳ್ಳುತ್ತೇವೆ. ಆದರೆ ಮೊನ್ನೆ ಇದೇ ಬಡಾವಣೆಯ ಪುಟ್ಟ ಸಭಾಂಗಣದಲ್ಲಿ ಅಂಗವಿಕಲ ಮಕ್ಕಳ ನೃತ್ಯವಿತ್ತು. ಎಲ್ಲದಕ್ಕೂ ಒಂದೇ ಅಳತೆಯ ಚಪ್ಪಾಳೆ. ಮೊದಲಿನದು ಸಿನಿಮಾ ಹಾಡು. ಹಿಂದೆ ನಿಂತವರು ಮಕ್ಕಳ ಕೈ ಹಿಡಿದು ಎತ್ತಿ ಇಳಿಸುತ್ತಿದ್ದರು, ಕುಣಿದದ್ದು ಹಿಂದಿನವರೇ. ಎರಡನೆಯದರಲ್ಲಿ ಗಾಲಿಕುರ್ಚಿಯ ಹುಡುಗನೊಬ್ಬ ಕತ್ತನ್ನು ನಿಧಾನವಾಗಿ ಹೊರಳಿಸಿದ. ಸುತ್ತಲಿನ ಹತ್ತು ಮಕ್ಕಳು ತಮ್ಮ ತಮ್ಮ ಮೈಗೆ ಒಗ್ಗಿದಂತೆ ಅದನ್ನೇ ಮಾಡಿದರು. ಅವನು ತಟ್ಟನೆ ನಿಲ್ಲಿಸಿದ, ಅವರೂ ನಿಂತರು. ಅವನು ನಕ್ಕ! ತನ್ನ ಮಾತು ನಡೆಯುತ್ತದೆಂದು ಗೊತ್ತಾದವನ ತುಂಟ ನಗು. ಪಕ್ಕದಾಕೆ “ಪಾಪ” ಎಂದು ಕಣ್ಣೊರೆಸಿಕೊಂಡರು. ಅಳುವಂಥದ್ದು ಅಲ್ಲೇನೂ ನಡೆದಿರಲಿಲ್ಲ.

ಕೊನೆಯ ಭಾಗ ಮಾತ್ರ ಎಳೆದಂತಾಯಿತು. ಅದೇ ಚಲನೆ ನಾಲ್ಕೈದು ಸಲ ಬಂತು. ಹೊರಗೆ ಸಿಕ್ಕ ಕಲಿಸುವ ಹುಡುಗಿಗೆ ಅಳುಕುತ್ತಲೇ ಹೇಳಿದೆ. ಅವಳು ಬೇಸರಿಸಲಿಲ್ಲ. “ಅದನ್ನು ಕಟ್ಟಿದವನು ಅವನೇ ಮೇಡಂ, ಅವನಿಗೇ ಹೇಳಿ” ಎಂದು ಗಾಲಿಕುರ್ಚಿಯ ಕಡೆ ಕರೆದೊಯ್ದಳು.